ಕಿಟಕಿ ವೈಸರ್: ಮಳೆ ಶುರುವಾಗುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು

ಕಳೆದ ತಿಂಗಳು ಮಳೆಗಾಲದ ಟಯರ್ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಜನ ಟಯರ್ ಬಿಟ್ಟು, ಕಾರಿನ ಕಿಟಕಿಯ ಮೇಲೆ ಮಳೆ ನೀರು ತಡೆಯಲು ಹಾಕುವ ಡೋರ್ ವೈಸರ್ ಬಗ್ಗೆಯೇ ಕೇಳಿದ್ದಾರೆ. ಮೇ ತಿಂಗಳು ಬಂತಲ್ಲ. ಸೆಕೆ ತಡೆಯಲಾಗದೆ ಕಿಟಕಿ ಇಳಿಸಿಕೊಂಡು ಓಡಾಡುವ ನಾವು ಇನ್ನು ಕೆಲವೇ ವಾರದಲ್ಲಿ ಅದೇ ಕಿಟಕಿ ಏರಿಸಿ ಒಳಗೆ ಕೂತು ಬೆವರಬೇಕು. ನಾನು ಉಡುಪಿಯಲ್ಲಿ ಹನ್ನೊಂದು ವರ್ಷ ಕಾರ್ ಆಕ್ಸೆಸರೀಸ್ ಅಂಗಡಿಯಲ್ಲಿ ಫಿಟ್ಟಿಂಗ್ ಕೆಲಸ ಮಾಡಿದವನು. ವೈಸರ್ ಅಂಟಿಸಿದ್ದೂ ಉಂಟು, ಬೇರೆಯವರು ಅಂಟಿಸಿದ್ದನ್ನು ಕಿತ್ತು ಸರಿ ಮಾಡಿದ್ದೂ ಉಂಟು. ಈ ಸಲದ ಅಂಕಣ ಪೂರ್ತಿ ಅದಕ್ಕೇ ಇರಲಿ.

ಹೊಸ ಕಾರು ತಗೊಂಡಿದ್ದೇವೆ. ಎ.ಸಿ. ಚೆನ್ನಾಗಿದೆ. ಆದರೂ ಶೋರೂಮಿನಲ್ಲಿ ವೈಸರ್ ಹಾಕಿಸಿ ಅಂತ ಒತ್ತಾಯ ಮಾಡುತ್ತಿದ್ದಾರೆ. ನಿಜಕ್ಕೂ ಬೇಕಾ, ಸುಮ್ನೆ ಚಂದಕ್ಕಾ? (ಓದುಗರು, ಸುರತ್ಕಲ್)

ನಮ್ಮ ಹೆಂಚಿನ ಮನೆಗಳ ಇಳಿಮಾಡು ನೋಡಿದ್ದೀರಲ್ವಾ? ವೈಸರ್ ಮಾಡುವುದು ಅಷ್ಟೇ ಕೆಲಸ. ಬಾಗಿಲಿನ ಮೇಲಂಚಿಗೆ ಅಂಟಿಕೊಂಡು ಸ್ವಲ್ಪ ಹೊರಗೆ ಬಾಗಿರುವ ಒಂದು ಪ್ಲಾಸ್ಟಿಕ್ ಪಟ್ಟಿ. ಮಳೆ ಬರುವಾಗ ಕಿಟಕಿಯನ್ನು ಒಂದು, ಒಂದೂವರೆ ಇಂಚು ಇಳಿಸಿದರೂ ನೀರು ಒಳಗೆ ಬೀಳುವುದಿಲ್ಲ, ಗಾಳಿ ಮಾತ್ರ ಆಡುತ್ತದೆ. ಪೂರ್ತಿ ಇಳಿಸಿದರೆ ವೈಸರ್ ಇದ್ದರೂ ಒದ್ದೆಯಾಗುತ್ತೀರಿ.

ಎ.ಸಿ. ಹಾಕಿಕೊಂಡೇ ಓಡಿಸುವವರಿಗೆ ಇದು ಬೇಕೇ ಬೇಕು ಅಂತ ನಾನು ಹೇಳುವುದಿಲ್ಲ. ಆದರೆ ಒಂದು ಯೋಚನೆ ಮಾಡಿ. ಮನೆಯಲ್ಲಿ ಕಾರು ಹತ್ತಿದರೆ ವಾಂತಿ ಮಾಡುವ ಮಕ್ಕಳಿದ್ದಾರಾ? ಆಗುಂಬೆ ಘಾಟಿಯ 14 ತಿರುವು ಹತ್ತುವಾಗ ಎ.ಸಿ. ಗಾಳಿಗಿಂತ ಹೊರಗಿನ ಗಾಳಿ ಮುಖಕ್ಕೆ ಬಡಿದರೆ ಅವಕ್ಕೆ ಜಾಸ್ತಿ ಹಿತ. ಅಲ್ಲಿ ಮಳೆ ಬಿಡುವುದೇ ಇಲ್ಲ, ಕಿಟಕಿ ಮುಚ್ಚಿದರೆ ಮಗು ಸುಸ್ತು, ತೆಗೆದರೆ ಎಲ್ಲರೂ ಒದ್ದೆ. ಇಂಥ ಹೊತ್ತಿಗೆ ವೈಸರ್ ಇದ್ದರೆ ದೊಡ್ಡ ಉಪಕಾರ. ಮೀನು ತಂದ ದಿನ, ಒದ್ದೆ ಕೊಡೆ ಸೀಟಿನ ಕೆಳಗೆ ಇಟ್ಟ ದಿನ, ನಾಲ್ಕು ಜನ ಮದುವೆ ಊಟ ಮುಗಿಸಿ ಒಟ್ಟಿಗೆ ಕೂತ ದಿನ ಕೂಡ ಹಾಗೆಯೇ.

ಗಾಜಿಗೆ ಆವಿ ಕೂರುವ ಬಗ್ಗೆ ತುಂಬಾ ಜನ ಕೇಳಿದ್ದಾರೆ, ಇಲ್ಲೇ ಹೇಳಿಬಿಡುತ್ತೇನೆ. ಮಳೆ ನೀರು ಬಿದ್ದು ಗಾಜು ತಣ್ಣಗಾಗಿರುತ್ತದೆ. ಒಳಗೆ ನಮ್ಮ ಉಸಿರು, ಒದ್ದೆ ಬಟ್ಟೆ, ಒದ್ದೆ ಮ್ಯಾಟ್ ಎಲ್ಲ ಸೇರಿ ಗಾಳಿಯಲ್ಲಿ ತೇವ ತುಂಬಿರುತ್ತದೆ. ಆ ತೇವ ತಣ್ಣಗಿನ ಗಾಜಿಗೆ ತಾಗಿದ ಕೂಡಲೇ ಸಣ್ಣ ಸಣ್ಣ ಹನಿಯಾಗಿ ಕೂರುತ್ತದೆ. ಎ.ಸಿ. ಇದ್ದರೆ ಅದನ್ನು ಹಾಕಿ ಎದುರಿನ ಗಾಜಿಗೆ ಗಾಳಿ ತಿರುಗಿಸಿ, ಒಳಗಿನ ಗಾಳಿಯನ್ನೇ ಸುತ್ತಿಸುವ ಬಟನ್ ಆಫ್ ಮಾಡಿ. ಎ.ಸಿ. ಗಾಳಿಯನ್ನು ತಣ್ಣಗೆ ಮಾಡುವುದರ ಜೊತೆ ಒಣಗಿಸುತ್ತದೆ ಕೂಡ, ಒಂದೆರಡು ನಿಮಿಷದಲ್ಲಿ ಗಾಜು ಸ್ಪಷ್ಟವಾಗುತ್ತದೆ. ಎಷ್ಟು ಒರೆಸಿದರೂ ಹೋಗುತ್ತಿಲ್ಲ ಅಂದರೆ ಆವಿ ಹೊರಗಿನ ಬದಿಯಲ್ಲಿದೆ ಅಂತ ಅರ್ಥ. ಎ.ಸಿ. ತುಂಬಾ ತಣ್ಣಗಿಟ್ಟಾಗ ನಮ್ಮ ಕರಾವಳಿಯ ತೇವದ ಗಾಳಿಗೆ ಹೀಗೂ ಆಗುತ್ತದೆ. ಆಗ ತಂಪು ಕಡಿಮೆ ಮಾಡಿ, ವೈಪರ್ ಒಂದು ಸಲ ಆಡಿಸಿ.

ಎ.ಸಿ. ಇಲ್ಲದವರಿಗೆ ಆವಿ ಬಿಡಿಸಲು ಇರುವ ದಾರಿ ಕಿಟಕಿ ಸ್ವಲ್ಪ ತೆರೆಯುವುದು. ಅವರಿಗೆ ವೈಸರ್ ಖಂಡಿತ ಬೇಕು.

ಆನ್‌ಲೈನ್‌ನಲ್ಲಿ ತರಿಸಿ ನಾನೇ ಮನೆಯಲ್ಲಿ ಅಂಟಿಸಿದೆ. ಒಂದೇ ತಿಂಗಳಿಗೆ ಹಿಂದಿನ ಬಾಗಿಲಿನದ್ದು ಏಳುತ್ತಾ ಬಂತು. ಫೆವಿಕ್ವಿಕ್ ಹಾಕಿ ಒತ್ತಿಬಿಡಲಾ? (ಓದುಗರು, ಕಾಪು)

ದಯವಿಟ್ಟು ಬೇಡ. ಫೆವಿಕ್ವಿಕ್ ಒಣಗಿದ ಮೇಲೆ ಗಾಜಿನ ಹಾಗೆ ಗಟ್ಟಿಯಾಗುತ್ತದೆ, ಬಗ್ಗುವುದಿಲ್ಲ. ಗಾಡಿ ಓಡುವಾಗ ಬಾಗಿಲು ಅದುರುತ್ತದೆ, ಬಿಸಿಲಿಗೆ ಪ್ಲಾಸ್ಟಿಕ್ ಒಂದು ಲೆಕ್ಕದಲ್ಲಿ ಹಿಗ್ಗಿದರೆ ತಗಡು ಇನ್ನೊಂದು ಲೆಕ್ಕದಲ್ಲಿ ಹಿಗ್ಗುತ್ತದೆ. ಫೆವಿಕ್ವಿಕ್ ಬಿಡುತ್ತದೆ, ಬಿಡುವಾಗ ಪೇಂಟನ್ನೂ ಕಿತ್ತುಕೊಂಡು ಹೋಗುತ್ತದೆ. ಆಮೇಲೆ ನಮ್ಮ ಉಪ್ಪು ಗಾಳಿಗೆ ಆ ಜಾಗದಲ್ಲಿ ತುಕ್ಕು ಶುರು.

ಎದ್ದಿರುವ ವೈಸರ್ ಹಾಗೇ ಇಟ್ಟುಕೊಂಡು ಹೈವೇಗೆ ಹೋಗಬೇಡಿ. ಇದನ್ನು ನಾನು ಗಟ್ಟಿಯಾಗಿ ಹೇಳುವುದಕ್ಕೆ ಕಾರಣ ಉಂಟು. ಕೆಲವು ವರ್ಷದ ಹಿಂದೆ ಜುಲೈಯಲ್ಲಿ ನಾನು ಮತ್ತು ನನ್ನ ಭಾವ ಅವರ ಕಾರಿನಲ್ಲಿ ಮಂಗಳೂರಿಗೆ ಹೊರಟಿದ್ದೆವು. ಕೂಳೂರು ಸೇತುವೆಯ ಹತ್ತಿರ ಒಂದು ಟ್ಯಾಂಕರ್ ನಮ್ಮನ್ನು ಓವರ್‌ಟೇಕ್ ಮಾಡಿತು. ಅದರ ಗಾಳಿ ಬಡಿದದ್ದೇ ಹಿಂದಿನ ಬಾಗಿಲಿನ ವೈಸರ್ ಮುಂದಿನ ತುದಿಯಿಂದ ಎದ್ದು, ಎರಡು ಸಲ ಟಪ ಟಪ ಅಂತ ಬಡಿದು, ಹಾರಿಹೋಯಿತು. ಹಿಂದೆ ಒಂದು ಸ್ಕೂಟರ್ ಬರುತ್ತಿತ್ತು, ಒಬ್ಬ ಹೆಂಗಸು, ಹಿಂದೆ ಶಾಲೆ ಬ್ಯಾಗಿನ ಹುಡುಗಿ. ಆಕೆ ಬ್ರೇಕ್ ಹಾಕಿ, ಸ್ಕೂಟರ್ ಅಡ್ಡ ತಿರುಗಿ, ಹೇಗೋ ಕಾಲು ಊರಿ ನಿಂತರು. ಬೀಳಲಿಲ್ಲ. ನಾವು ಗಾಡಿ ಬದಿಗೆ ಹಾಕಿ ಓಡಿ ಹೋಗಿ ಕ್ಷಮೆ ಕೇಳಿದೆವು. ಆಮೇಲೆ ಆ ವೈಸರ್ ಎತ್ತಿ ತಿರುಗಿಸಿ ನೋಡಿದೆ. ಅದನ್ನು ಬಾಗಿಲಿಗೆ ಹಿಡಿಸುವ, ಎರಡೂ ಬದಿ ಅಂಟಿರುವ ಟೇಪಿಗೆ ಏನೂ ಆಗಿರಲಿಲ್ಲ, ಹೊಸದರ ಹಾಗೆಯೇ ಇತ್ತು. ಅದರ ಮೇಲೆ ಉದ್ದಕ್ಕೂ ತೆಳ್ಳಗೆ ಬಿಳಿ ಪುಡಿ ಅಂಟಿತ್ತು. ಬೆರಳಿನಲ್ಲಿ ಉಜ್ಜಿದರೆ ಜಾರುವ ಪುಡಿ. ಕಾರ್ ಪಾಲಿಶ್! ಭಾವ ಒಂದು ಅಂಗಡಿಯಲ್ಲಿ ವಾಶ್, ಪಾಲಿಶ್ ಮಾಡಿಸಿ ಅದೇ ದಿನ ಅಲ್ಲೇ ವೈಸರ್ ಹಾಕಿಸಿದ್ದರು. ಟೇಪು ಪೇಂಟಿಗೆ ಅಂಟಿರಲೇ ಇಲ್ಲ, ಪಾಲಿಶಿಗೆ ಅಂಟಿತ್ತು.

ನಿಮ್ಮದೂ ಅದೇ ಕಥೆ ಇರಬಹುದು, ಅಥವಾ ಧೂಳು, ಅಥವಾ ತೇವ. ಈಗ ಎದ್ದದ್ದನ್ನು ಪೂರ್ತಿ ತೆಗೆಯಿರಿ, ಹಳೆ ಟೇಪು ಕೆರೆದು ಹೊಸ ಟೇಪು ಹಾಕಿ. ಒಮ್ಮೆ ಬಿಟ್ಟ ಟೇಪನ್ನು ಮತ್ತೆ ಒತ್ತಿದರೆ ಕೂರುವುದಿಲ್ಲ. ಟೇಪಿಗೆ ದುಡ್ಡು ಉಳಿಸಬೇಡಿ, 3ಎಂ ಕಂಪನಿಯ ವಿಎಚ್‌ಬಿ ಅಥವಾ ಅದೇ ದರ್ಜೆಯ ಅಕ್ರಿಲಿಕ್ ಫೋಮ್ ಟೇಪು ನಂಬಿಕೆಯ ಅಂಗಡಿಯಲ್ಲಿ ತಗೊಳ್ಳಿ. ಅಂಟಿನ ಮೇಲೆ ಕೆಂಪು ಕಾಗದ ಇದ್ದ ಮಾತ್ರಕ್ಕೆ ಎಲ್ಲವೂ ಅದೇ ಟೇಪಲ್ಲ.

ಗಾಡಿಯನ್ನು ನೆರಳಿನಲ್ಲಿ ನಿಲ್ಲಿಸಿ. ಬಿಸಿಲಲ್ಲಿ ನಿಂತಿದ್ದ ಬಾಗಿಲು ಮುಟ್ಟಲಾಗದಷ್ಟು ಕಾದಿರುತ್ತದೆ, ಎ.ಸಿ. ಹಾಕಿಕೊಂಡು ಈಗಷ್ಟೇ ಬಂದ ಗಾಡಿಯ ಬಾಗಿಲ ಅಂಚಿನಲ್ಲಿ ಕಣ್ಣಿಗೆ ಕಾಣದ ತೇವ ಕೂತಿರಬಹುದು. ಎರಡೂ ಬೇಡ, ಒಂದು ಗಂಟೆ ಬಿಡಿ. ಟೇಪು ಅಂಟಿಸಲು ಒಳ್ಳೆಯ ಬಿಸಿ ಅಂದರೆ 21ರಿಂದ 38 ಡಿಗ್ರಿ, ನಮ್ಮ ಮೇ ತಿಂಗಳ ನೆರಳು ಅದಕ್ಕೆ ಸರಿಯಾಗಿ ಹೊಂದುತ್ತದೆ. ಮೊದಲು ಶಾಂಪೂ ನೀರಿನಲ್ಲಿ ತೊಳೆದು ಒಣಗಿಸಿ. ಆಮೇಲೆ ಮೆಡಿಕಲ್‌ನಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ನೀರು ಸಮಸಮ ಬೆರೆಸಿ, ಬಿಳಿ ಹತ್ತಿ ಬಟ್ಟೆಯಲ್ಲಿ ಒಂದೇ ದಿಕ್ಕಿಗೆ ಒರೆಸಿ. ಬಟ್ಟೆ ನೋಡಿ, ಬೂದು ಬಣ್ಣ ಬಂದಿದ್ದರೆ ಬಟ್ಟೆ ಬದಲಿಸಿ ಮತ್ತೆ ಒರೆಸಿ. ಬಟ್ಟೆ ಬಿಳಿಯಾಗಿಯೇ ಉಳಿಯುವ ತನಕ ಒರೆಸಬೇಕು. ನಾನು ಕಲಿತ ಅಂಗಡಿಯಲ್ಲಿ ನಮ್ಮ ಹಿರಿಯ ಫಿಟ್ಟರ್ ಆ ಬಟ್ಟೆ ತೋರಿಸಿದ ಮೇಲೆಯೇ ಟೇಪಿನ ಕಾಗದ ಬಿಡಿಸಲು ಬಿಡುತ್ತಿದ್ದರು. ಸೀಮೆಎಣ್ಣೆ, ಪೆಟ್ರೋಲ್ ಬಟ್ಟೆ ಮುಟ್ಟಿಸಬೇಡಿ, ಅವು ಜಿಡ್ಡು ಬಿಡುತ್ತವೆ. ಥಿನ್ನರ್ ಪೇಂಟನ್ನೇ ತಿನ್ನುತ್ತದೆ.

ಇನ್ನು ಅಂಟಿಸುವುದು. ಕಾಗದ ಬಿಡಿಸದೆ ಒಮ್ಮೆ ಹಿಡಿದು ನೋಡಿ, ಬಾಗಿಲು ತೆಗೆದು ಹಾಕಿ, ಎಲ್ಲಿಯೂ ತಾಗುವುದಿಲ್ಲ ಅಂತ ಖಾತ್ರಿ ಮಾಡಿಕೊಂಡು ಮಾಸ್ಕಿಂಗ್ ಟೇಪಿನಿಂದ ಗುರುತು ಹಾಕಿ. ಕಾಗದ ಪೂರ್ತಿ ಬಿಡಿಸಬೇಡಿ. ಎರಡು ತುದಿಯಲ್ಲಿ ಎರಡೆರಡು ಇಂಚು ಮಾತ್ರ ಬಿಡಿಸಿ, ಆ ಬಾಲ ಹೊರಗೆ ಇಣುಕುವ ಹಾಗೆ ಮಡಚಿ, ವೈಸರನ್ನು ಗುರುತಿಗೆ ಇಟ್ಟು, ಆಮೇಲೆ ಬಾಲ ಹಿಡಿದು ಮೆಲ್ಲಗೆ ಎಳೆಯುತ್ತಾ ಹಿಂದೆಯೇ ಒತ್ತುತ್ತಾ ಹೋಗಿ. ಈ ಟೇಪು ಒತ್ತಡಕ್ಕೆ ಹಿಡಿಯುವಂಥದ್ದು, ಹೆಬ್ಬೆರಳಿನಲ್ಲಿ ಇಂಚಿಂಚು ಜಾಗವನ್ನೂ ಹತ್ತು ಎಣಿಸುವಷ್ಟು ಹೊತ್ತು ಒತ್ತಬೇಕು. ತುದಿಗಳನ್ನು ಇನ್ನೂ ಜಾಸ್ತಿ. ವೈಸರಿನ ಬಾಗು ಬಾಗಿಲಿನ ಬಾಗಿಗೆ ಹೊಂದದೆ ನೀವು ಬಲವಂತವಾಗಿ ಬಗ್ಗಿಸಬೇಕಾಗಿ ಬಂದರೆ ಅದು ನಿಮ್ಮ ಗಾಡಿಯದ್ದಲ್ಲ, ವಾಪಸ್ ಕಳಿಸಿ. ಬಗ್ಗಿಸಿ ಅಂಟಿಸಿದ್ದು ದಿನಾ ಎದ್ದೇಳಲು ನೋಡುತ್ತಾ ಇರುತ್ತದೆ.

ಅಂಟಿಸಿದ ಮೇಲೆ ಕಾಯಬೇಕು, ಜನ ತಪ್ಪುವುದು ಇಲ್ಲೇ. ಮಾಮೂಲಿ ಬಿಸಿಯಲ್ಲಿ ವಿಎಚ್‌ಬಿ ಟೇಪು 20 ನಿಮಿಷದಲ್ಲಿ ಅರ್ಧ ಬಲ ಹಿಡಿಯುತ್ತದೆ, 24 ಗಂಟೆಗೆ ಶೇಕಡ 90, ಪೂರ್ತಿ ಬಲಕ್ಕೆ 72 ಗಂಟೆ. ಅಂದರೆ ಮೂರು ದಿನ. ಮೊದಲ ದಿನ ಗಾಡಿ ತೊಳೆಯಬೇಡಿ, ಮಳೆಗೆ ಒಡ್ಡಬೇಡಿ, ಹೈವೇಗೂ ಬೇಡ. ಮೂರು ದಿನ ಕಳೆಯುವವರೆಗೆ ಪ್ರೆಶರ್ ವಾಶ್ ಬೇಡವೇ ಬೇಡ. ಜೂನ್ ಶುರುವಾದ ಮೇಲೆ ನಮ್ಮಲ್ಲಿ ಮೂರು ಒಣ ದಿನ ಎಲ್ಲಿ ಸಿಗುತ್ತದೆ ಹೇಳಿ? ವರ್ಷಕ್ಕೆ 3,500 ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಊರು ನಮ್ಮದು. ಅದಕ್ಕೇ ಈ ತಿಂಗಳೇ ಮಾಡಿ ಮುಗಿಸಿ ಅಂತ ಇಷ್ಟು ಹೇಳುತ್ತಿದ್ದೇನೆ.

ಗಾಜು ಏರಿಳಿಯುವ ಚಾನೆಲ್ ಒಳಗೆ ಸಿಕ್ಕಿಸುವ ವೈಸರ್ ಹಾಕಿಸಿದೆ. ಈಗ ಡ್ರೈವರ್ ಕಿಟಕಿ ಮೇಲಕ್ಕೆ ಹೋಗಿ ತಾನಾಗಿಯೇ ಕೆಳಗೆ ಬರುತ್ತದೆ. ಮೋಟಾರ್ ಹೋಯಿತಾ? (ಓದುಗರು, ಬಂಟ್ವಾಳ)

ಮೋಟಾರ್ ಸರಿಯಾಗಿಯೇ ಇರಬೇಕು. ಒಂದೇ ಸಲ ಒತ್ತಿದರೆ ಪೂರ್ತಿ ಏರುವ ಕಿಟಕಿಗೆ ಸಾಮಾನ್ಯವಾಗಿ ಆಂಟಿ ಪಿಂಚ್ ಅಂತ ಒಂದು ವ್ಯವಸ್ಥೆ ಇರುತ್ತದೆ, ನಡುವೆ ಮಗುವಿನ ಬೆರಳು ಸಿಕ್ಕಿದರೆ ಗಾಜು ಹಿಂದೆ ಬರಲಿ ಅಂತ. ಚಾನೆಲ್ ರಬ್ಬರಿನಲ್ಲಿ ವೈಸರಿನ ಅಂಚು ತುಂಬಿಕೊಂಡದ್ದರಿಂದ ಗಾಜಿಗೆ ಬಿಗಿ ತಾಗುತ್ತಿದೆ, ಅದನ್ನೇ ಬೆರಳು ಅಂತ ತಿಳಿದು ಇಳಿಯುತ್ತಿದೆ. ಬಟನ್ ಹಿಡಿದುಕೊಂಡು ಸ್ವಲ್ಪ ಸ್ವಲ್ಪವೇ ಏರಿಸಿ ಮುಚ್ಚಿ, ಎರಡು ದಿನ ಹಾಗೇ ಬಿಡಿ, ರಬ್ಬರ್ ಒತ್ತಿಕೊಂಡು ಜಾಗ ಮಾಡುತ್ತದೆ. ಚಾನೆಲ್‌ಗೆ ಸಿಲಿಕೋನ್ ಸ್ಪ್ರೇ ಹೊಡೆಯಿರಿ. ಎಣ್ಣೆ, ಗ್ರೀಸ್ ಬೇಡ, ರಬ್ಬರ್ ಹಾಳು. ಆಮೇಲೂ ಸರಿಯಾಗದಿದ್ದರೆ ತೆಗೆದು ಹೊರಗೆ ಅಂಟಿಸುವ ಬಗೆಯದ್ದನ್ನು ಹಾಕಿಸಿ. ಯಾರಾದರೂ ಆಂಟಿ ಪಿಂಚ್ ಆಫ್ ಮಾಡಿ ಕೊಡುತ್ತೇನೆ ಅಂದರೆ ಒಪ್ಪಬೇಡಿ. ಅದು ಇರುವುದು ಮಕ್ಕಳ ಕೈಗಾಗಿ.

ನಾನು ಪಿಕಪ್ ಓಡಿಸುತ್ತೇನೆ. ಮಲ್ಪೆಯಿಂದ ಬೆಳಗಿನ ಜಾವ ಮೀನು ಹಾಕಿಕೊಂಡು ಘಟ್ಟ ಹತ್ತಬೇಕು. ಎ.ಸಿ. ಇಲ್ಲ. ಮಳೆಯಲ್ಲಿ ಗಾಜು ಪೂರ್ತಿ ಮಂಜು. ಕ್ಲಿಪ್ ಇರುವ ವೈಸರ್ ಹಾಕಿಸಿದ್ದೆ, ಎರಡೇ ಮಳೆಗಾಲಕ್ಕೆ ಕ್ಲಿಪ್ ತುಕ್ಕು ಹಿಡಿಯಿತು. ಯಾವುದು ಹಾಕಲಿ ಅಣ್ಣ? (ಓದುಗರು, ಮಲ್ಪೆ)

ತಮ್ಮ, ಈ ಸಲದ ಪತ್ರಗಳಲ್ಲಿ ವೈಸರ್ ಎಲ್ಲರಿಗಿಂತ ಜಾಸ್ತಿ ಬೇಕಾಗಿರುವುದು ನಿಮಗೆ. ಕತ್ತಲಲ್ಲಿ, ಮಳೆಯಲ್ಲಿ, ಚಾರ್ಮಾಡಿಯಂಥ ರಸ್ತೆಯಲ್ಲಿ ಒಂದು ಕೈಯಲ್ಲಿ ಸ್ಟೇರಿಂಗ್, ಇನ್ನೊಂದು ಕೈಯಲ್ಲಿ ಬಟ್ಟೆ ಹಿಡಿದು ಗಾಜು ಒರೆಸುವುದು ಎಷ್ಟು ಅಪಾಯ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಎರಡೂ ಬದಿ ವೈಸರ್ ಹಾಕಿಸಿ, ಎರಡೂ ಕಿಟಕಿ ಒಂದೊಂದು ಇಂಚು ತೆರೆದಿಡಿ. ಒಂದೇ ಬದಿ ತೆರೆದರೆ ಗಾಳಿ ಬಂದಷ್ಟು ಹೊರಗೆ ಹೋಗುವುದಿಲ್ಲ. ಬ್ಲೋವರ್ ಎದುರಿನ ಗಾಜಿಗೆ ಇರಲಿ. ಗಾಜಿನ ಒಳಬದಿ ವಾರಕ್ಕೊಮ್ಮೆ ಸೋಪು ನೀರಿನಲ್ಲಿ ತೊಳೆದು ಒಣ ಬಟ್ಟೆಯಲ್ಲಿ ಒರೆಸಿ, ಜಿಡ್ಡು ಇದ್ದ ಗಾಜಿನಲ್ಲಿ ಆವಿ ಬೇಗ ಕೂರುತ್ತದೆ.

ವೈಸರ್ ತರುವಾಗ ಎರಡು ಬಗೆ ನೋಡುತ್ತೀರಿ. ಅಕ್ರಿಲಿಕ್ ಗಡಸು, ಹೊಳಪು ಚೆನ್ನಾಗಿ ಉಳಿಯುತ್ತದೆ, ಆದರೆ ಪೆಟ್ಟು ಬಿದ್ದರೆ ಸೀಳುತ್ತದೆ. ಪಾಲಿಕಾರ್ಬೊನೇಟ್ ಪೆಟ್ಟು ತಾಳುತ್ತದೆ, ಗೀರು ಬೇಗ ಬೀಳುತ್ತದೆ, ಒಳ್ಳೆ ಕೋಟಿಂಗ್ ಇಲ್ಲದಿದ್ದರೆ ಬಿಸಿಲಿಗೆ ಹಳದಿಯಾಗುತ್ತದೆ. ಬಂದರಿನಲ್ಲಿ ಲೋಡ್ ಮಾಡುವ ಗಾಡಿ, ಬಾಕ್ಸ್ ತಾಗುತ್ತದೆ, ಹುಡುಗರು ಬಾಗಿಲು ಹಿಡಿದು ಹತ್ತುತ್ತಾರೆ. ನಿಮ್ಮ ಗಾಡಿಗೆ ಪಾಲಿಕಾರ್ಬೊನೇಟ್ ಆಗಲಿ. ಕ್ಲಿಪ್ ಬೇಕಿದ್ದರೆ ಸ್ಟೇನ್‌ಲೆಸ್ ಸ್ಟೀಲಿನದ್ದು ಕೇಳಿ, ಅಂಗಡಿಗೆ ಹೋಗುವಾಗ ಸಣ್ಣ ಮ್ಯಾಗ್ನೆಟ್ ಒಯ್ಯಿರಿ. ಮಾಮೂಲಿ ಕಬ್ಬಿಣವಾದರೆ ಗಟ್ಟಿಯಾಗಿ ಹಿಡಿಯುತ್ತದೆ. ಕೆಲವು ಸ್ಟೇನ್‌ಲೆಸ್ ಕೂಡ ಹಿಡಿಯುವುದುಂಟು, ಆದರೆ ಹಿಡಿಯದೇ ಇದ್ದದ್ದನ್ನೇ ಆರಿಸಿಕೊಂಡರೆ ತುಕ್ಕಿನ ಭಯ ಕಡಿಮೆ. ಮನೆಗೆ ಬಂದ ಮೇಲೆ ಬಾಗಿಲಿನ ಅಂಚಿಗೆ, ವೈಸರಿನ ಕೆಳಗೆ ಒಂದು ಚೊಂಬು ಬಾವಿ ನೀರು ಹಾಕಿ. ಅಲ್ಲಿ ಉಪ್ಪು ಸೇರಿಕೊಂಡಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ.

ಕಪ್ಪು ಬಣ್ಣದ್ದು ತಗೊಳ್ಳಬೇಡಿ. ಪಿಕಪ್‌ನಲ್ಲಿ ನೀವು ಬದಿಯ ಕನ್ನಡಿಯನ್ನು ನೋಡುವುದು ಕಿಟಕಿಯ ಮುಂದಿನ ಮೂಲೆಯಿಂದ. ವೈಸರ್ ಅಗಲ ಇದ್ದು ಆ ಮೂಲೆಗೆ ಇಳಿದಿದ್ದರೆ ರಾತ್ರಿ ಮಳೆಯಲ್ಲಿ ಕನ್ನಡಿಯ ಅರ್ಧ ಕಾಣುವುದೇ ಇಲ್ಲ. ಅಂಟಿಸುವ ಮೊದಲು ಸೀಟಿನಲ್ಲಿ ಕೂತು, ಹೊರಗಿನಿಂದ ಯಾರಾದರೂ ವೈಸರ್ ಹಿಡಿದುಕೊಳ್ಳಲಿ, ಕನ್ನಡಿ ಪೂರ್ತಿ ಕಾಣುತ್ತದಾ ನೋಡಿ.

ಡಾರ್ಕ್ ವೈಸರ್ ಹಾಕಿದರೆ ಸನ್ ಫಿಲ್ಮ್ ಹಾಗೆ ಫೈನ್ ಬೀಳುತ್ತದಾ? (ವಿದ್ಯಾರ್ಥಿ, ಮಣಿಪಾಲ)

2012ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶ ಗಾಜಿಗೆ ಅಂಟಿಸುವ ಕಪ್ಪು ಫಿಲ್ಮಿನ ಬಗ್ಗೆ. ಅದಕ್ಕೆ ಆಧಾರವಾದ ನಿಯಮದಲ್ಲಿ ಎದುರಿನ ಮತ್ತು ಹಿಂದಿನ ಗಾಜು ಶೇಕಡ 70 ಬೆಳಕನ್ನು, ಬದಿಯ ಗಾಜು ಶೇಕಡ 50 ಬೆಳಕನ್ನು ಒಳಗೆ ಬಿಡಬೇಕು ಅಂತ ಇದೆ. ವೈಸರ್ ಗಾಜಿಗೆ ಅಂಟುವುದಿಲ್ಲ, ಹೊರಗೆ ಚೌಕಟ್ಟಿನಲ್ಲಿ ನಿಲ್ಲುತ್ತದೆ. ಆದರೂ ತಿಳಿ ಹೊಗೆ ಬಣ್ಣದ್ದನ್ನೇ ಹಾಕಿಸಿ, ಕನ್ನಡಿಯ ವಿಷಯ ಮೇಲೆ ಹೇಳಿದ್ದೇನಲ್ಲ.

ವೈಸರ್ ಹಾಕಿದ ಮೇಲೆ ಹೈವೇಯಲ್ಲಿ 80 ದಾಟಿದರೆ ಸಿಳ್ಳೆ ಹೊಡೆದ ಹಾಗೆ ಸದ್ದು. ಮರವಂತೆ ಹತ್ತಿರ ಅಂತೂ ತಲೆ ನೋವು ಬರುತ್ತದೆ. (ನಿವೃತ್ತ ಶಿಕ್ಷಕರು, ಕುಂದಾಪುರ)

ಸರ್, ಮರವಂತೆಯಲ್ಲಿ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ನದಿ, ಗಾಳಿಗೆ ತಡೆಯೇ ಇಲ್ಲ. ಅಲ್ಲಿ ಮಳೆಗಾಳಿ ಅಡ್ಡಲಾಗಿ ಬೀಸುವಾಗ ವೈಸರ್ ಇದ್ದರೂ ಕಿಟಕಿ ಮುಚ್ಚಲೇಬೇಕು. ಸಣ್ಣ ಗಾಳಿ ಸದ್ದು ಎಲ್ಲ ವೈಸರಿನಲ್ಲೂ ಇರುತ್ತದೆ, ಸಿಳ್ಳೆ ಇರಬಾರದು. ಸಿಳ್ಳೆ ಬಂದರೆ ಎಲ್ಲೋ ಸಂದು ಉಂಟು. ಮುಂದಿನ ವೈಸರಿನ ಮುಂತುದಿಗೆ, ಕನ್ನಡಿಯ ಮೇಲುಗಡೆ, ಒಂದು ತುಂಡು ಮಾಸ್ಕಿಂಗ್ ಟೇಪು ಅಂಟಿಸಿ ಓಡಿಸಿ ನೋಡಿ. ಸದ್ದು ನಿಂತರೆ ಸಂದು ಅಲ್ಲೇ. ನಿಲ್ಲದಿದ್ದರೆ ಟೇಪನ್ನು ಅರ್ಧ ಅಡಿ ಹಿಂದಕ್ಕೆ ಸರಿಸಿ ಮತ್ತೆ ನೋಡಿ. ಕ್ಲಿಪ್ ಇರುವ ವೈಸರಾದರೆ ಕ್ಲಿಪ್ ಕೂತ ಜಾಗದಲ್ಲಿ ಬಾಗಿಲಿನ ಬೀಡಿಂಗ್, ಅಂದರೆ ಅಂಚಿನ ರಬ್ಬರ್ ಪಟ್ಟಿ, ಎದ್ದಿದೆಯಾ ಅಂತ ಬೆರಳಾಡಿಸಿ ನೋಡಿ. ಅಲ್ಲಿಂದ ಸದ್ದೂ ಬರುತ್ತದೆ, ನೀರೂ ಇಳಿಯುತ್ತದೆ, ಕೊನೆಗೆ ಮ್ಯಾಟ್ ಕೆಳಗೆ ಬೂಷ್ಟು ವಾಸನೆ.

ಬಿಸಿಲಲ್ಲಿ ನಿಲ್ಲಿಸುವಾಗ ವೈಸರ್ ಇದೆ ಅಂತ ಕಿಟಕಿ ಒಂದಿಂಚು ಬಿಟ್ಟರೆ ಒಳಗೆ ತಂಪಾಗಿರುತ್ತದಾ? ಐದು ನಿಮಿಷ ಮಗುವನ್ನು ಬಿಟ್ಟು ತರಕಾರಿ ತರಬಹುದಾ? (ಓದುಗರು, ಮಂಗಳೂರು)

ಬಿಡಬೇಡಿ ಅಕ್ಕ. ಒಂದು ನಿಮಿಷವೂ ಬೇಡ. ಕಿಟಕಿ ಒಂದಿಂಚು ತೆರೆದಿಟ್ಟರೂ ನಿಂತ ಕಾರಿನ ಒಳಗಿನ ಬಿಸಿ ಏರುವುದು ಹೆಚ್ಚುಕಡಿಮೆ ಅಷ್ಟೇ ಬೇಗ. ಗಾಜಿನೊಳಗೆ ಬಂದ ಬಿಸಿಲು ಸೀಟು, ಡ್ಯಾಶ್‌ಬೋರ್ಡ್ ಕಾಯಿಸುತ್ತದೆ, ಆ ಕಾವು ಹೊರಗೆ ಹೋಗಲು ಒಂದಿಂಚು ಸಾಕಾಗುವುದಿಲ್ಲ. ಸಣ್ಣ ಮಕ್ಕಳ ಮೈ ದೊಡ್ಡವರಿಗಿಂತ ತುಂಬಾ ಬೇಗ ಕಾಯುತ್ತದೆ. ಮಗುವನ್ನು ಎತ್ತಿಕೊಂಡೇ ಹೋಗಿ, ವಯಸ್ಸಾದವರನ್ನು, ನಾಯಿಯನ್ನು ಕೂಡ ಬಿಡಬೇಡಿ. ವೈಸರಿನಿಂದ ಆಗುವ ಲಾಭ ಇಷ್ಟೇ: ಒಳಗಿನ ಗಾಳಿ ಸ್ವಲ್ಪ ಆಡುತ್ತದೆ, ವಾಪಸ್ ಬಂದು ಬಾಗಿಲು ತೆಗೆದಾಗ ಪ್ಲಾಸ್ಟಿಕ್ ವಾಸನೆ ಕಡಿಮೆ.

ಹಳೆ ವೈಸರ್ ತೆಗೆಯಬೇಕು. ಪೇಂಟ್ ಹೋಗದ ಹಾಗೆ ಹೇಗೆ? (ಓದುಗರು, ಕಾರ್ಕಳ)

ಚಾಕು, ಸ್ಕ್ರೂಡ್ರೈವರ್ ಬದಿಗಿಡಿ. ಹೇರ್ ಡ್ರೈಯರಿನಲ್ಲಿ ಒಂದು ತುದಿಯಿಂದ ಕಾಯಿಸಿ, ಕೈಗೆ ಬಿಸಿ ತಾಗಬೇಕು, ಸುಡಬಾರದು. ಆಮೇಲೆ ಗಾಳ ಹಾಕುವ ನೈಲಾನ್ ದಾರ ಒಂದು ಮೊಳ ತಗೊಂಡು ಎರಡೂ ಕೈಗೆ ಸುತ್ತಿ, ವೈಸರ್ ಮತ್ತು ಬಾಗಿಲಿನ ನಡುವೆ ಹೊಗಿಸಿ ಗರಗಸದ ಹಾಗೆ ಹಿಂದೆ ಮುಂದೆ ಎಳೆಯಿರಿ. ಟೇಪು ನಡುವೆಯೇ ಸೀಳುತ್ತದೆ. ತಣ್ಣಗಾಯಿತು ಅನ್ನಿಸಿದರೆ ಮತ್ತೆ ಕಾಯಿಸಿ. ಬಾಗಿಲಿನಲ್ಲಿ ಉಳಿದ ಟೇಪನ್ನು ಬಿಸಿ ಇರುವಾಗಲೇ ಹೆಬ್ಬೆರಳಿನಲ್ಲಿ ಉರುಳಿಸುತ್ತಾ ತೆಗೆಯಿರಿ, ಸುರುಳಿ ಸುರುಳಿಯಾಗಿ ಬರುತ್ತದೆ. ಬೆರಳು ನೋಯುತ್ತದೆ, ನಾಲ್ಕು ಬಾಗಿಲಿಗೆ ಒಂದು ಮಧ್ಯಾಹ್ನ ಹಿಡಿಯುತ್ತದೆ. ಕೊನೆಗೆ ಉಳಿದ ಅಂಟನ್ನು ಅದೇ ಆಲ್ಕೋಹಾಲ್ ಬಟ್ಟೆಯಲ್ಲಿ ಒರೆಸಿ, ಹೋಗದ ಕಡೆ ಬಟ್ಟೆಯನ್ನು ಅಲ್ಲೇ ಒಂದೆರಡು ನಿಮಿಷ ಇಟ್ಟು ಆಮೇಲೆ ಉಜ್ಜಿ. ವೈಸರ್ ಇದ್ದ ಜಾಗದ ಪೇಂಟ್ ಸುತ್ತಲಿಗಿಂತ ಹೊಸದಾಗಿ ಕಾಣಬಹುದು, ಅದು ಬಿಸಿಲು ಬೀಳದೆ ಉಳಿದ ಮೂಲ ಬಣ್ಣ. ಒಂದು ಸಲ ಪಾಲಿಶ್ ಮಾಡಿಸಿದರೆ ವ್ಯತ್ಯಾಸ ಕಡಿಮೆಯಾಗುತ್ತದೆ. ಮತ್ತೆ ಹೊಸ ವೈಸರ್ ಹಾಕಿಸುವವರಿದ್ದರೆ ಮೊದಲು ವೈಸರ್ ಅಂಟಿಸಿ, ಪಾಲಿಶ್ ಒಂದು ವಾರ ಬಿಟ್ಟು.